ಹಳೆಯ ಕಾರಿನ ಗೇರ್‌ಬಾಕ್ಸ್ ತೊಂದರೆ: ವಾರಂಟಿ ಇದ್ದರೂ ಕ್ಲಚ್ ಸವೆದಿದೆ ಎಂದು ಹಣ ಕೇಳುತ್ತಿದ್ದಾರೆ

ಕನ್ನಡ_ಶಾಲೆ_ಮುಧೋಳ

ಎಲ್ಲರಿಗೂ ನಮಸ್ಕಾರ. ನಾನು ಮುಧೋಳದವಳು, ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಎಡಮೊಣಕಾಲಿನ ನೋವು ಹೆಚ್ಚಾದಾಗ ವೈದ್ಯರು ಕ್ಲಚ್ ತುಳಿಯುವುದನ್ನು ಬಿಡಲೇಬೇಕು ಎಂದರು. ಅದಕ್ಕಾಗಿ ಕ್ಲಚ್ ಪೆಡಲ್ ಇಲ್ಲದ, ತಾನೇ ಗೇರ್ ಬದಲಿಸುವ ಎಎಂಟಿ ಗೇರಿನ ಸಣ್ಣ ಕಾರೊಂದನ್ನು ಹುಬ್ಬಳ್ಳಿಯಲ್ಲಿ ಹಳೆಯ ಕಾರು ಮಾರುವ ಮಳಿಗೆಯೊಂದರಿಂದ ಕೊಂಡೆ. 2020ರ ಮಾದರಿ, ಓಡಿದ್ದು 46 ಸಾವಿರ ಕಿಲೋಮೀಟರ್, ಬೆಲೆ 5 ಲಕ್ಷ 60 ಸಾವಿರ. ‘ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಒಂದು ವರ್ಷದ ವಾರಂಟಿ’ ಎಂದು ಬಾಯಲ್ಲೂ ಹೇಳಿದರು, ಇಂಗ್ಲಿಷಿನಲ್ಲಿ ಅಚ್ಚಾದ ಪುಸ್ತಿಕೆಯನ್ನೂ ಕೊಟ್ಟರು. ಕೊಂಡದ್ದು ಜೂನ್‌ನಲ್ಲಿ. ಆರ್‌ಸಿ ನನ್ನ ಹೆಸರಿಗೆ ಬಂದಿದೆ. ಸರ್ವೀಸನ್ನು ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಲ್ಲಿಯೇ ಮಾಡಿಸಿದ್ದೇನೆ, ಬಿಲ್ಲುಗಳೆಲ್ಲ ನನ್ನ ಬಳಿ ಇವೆ.

ಮಳೆಗಾಲವೆಲ್ಲ ಕಾರು ಚೆನ್ನಾಗಿಯೇ ಓಡಿತು. ತೊಂದರೆ ಶುರುವಾದದ್ದು ಕಬ್ಬಿನ ಹಂಗಾಮಿನಲ್ಲಿ. ನವೆಂಬರ್ ಬಂತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಕಾರ್ಖಾನೆಯ ಕಡೆಗೆ ಹೊರಟಿರುತ್ತವೆ. ಅವುಗಳ ಹಿಂದೆ ಕಾಲ್ನಡಿಗೆಯ ವೇಗದಲ್ಲಿ ಸಾಗಬೇಕು. ಹಾಗೆ ಸಾಗುವಾಗ ಮೊದಮೊದಲು ಕಾರು ಒಂದನೇ ಗೇರಿನಲ್ಲಿ ಜಗ್ಗಿ ಜಗ್ಗಿ ನಡುಗುತ್ತಿತ್ತು. ಆಮೇಲೆ ಒಂದು ಸಂಜೆ ಲೋಕಾಪುರ ರಸ್ತೆಯಲ್ಲಿ ಟ್ರ್ಯಾಕ್ಟರನ್ನು ದಾಟಲೆಂದು ಆಕ್ಸಲರೇಟರ್ ಒತ್ತಿದರೆ ಎಂಜಿನ್ ಕೂಗಿಕೊಂಡಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ಮೀಟರ್ ಫಲಕದಲ್ಲಿ ಗೇರಿನ ಅಂಕಿ ಇರಬೇಕಾದ ಕಡೆ ‘ಎನ್’ ಅಕ್ಷರ ಮಿನುಗುತ್ತಿತ್ತು. ಎದುರಿನಿಂದ ಬಸ್ಸು ಬರುತ್ತಿತ್ತು, ಹಿಂದಿನ ಸೀಟಿನಲ್ಲಿ ನಮ್ಮ ಶಾಲೆಯ ಇಬ್ಬರು ಶಿಕ್ಷಕಿಯರಿದ್ದರು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಮತ್ತೆ ಸರಿಯಾಗಿ ಓಡಿತು. ಅಂದಿನಿಂದ ಇದು ಆಗಾಗ ಆಗುತ್ತಲೇ ಇದೆ. ಬೆಳಿಗ್ಗೆ ತಂಪಿನಲ್ಲಿ ಆಗುವುದಿಲ್ಲ, ಗಾಡಿ ಕಾದ ಮೇಲೆ ಆಗುತ್ತದೆ.

ಅಧಿಕೃತ ಸರ್ವೀಸ್ ಸೆಂಟರಿಗೆ ಕೊಂಡೊಯ್ದರೆ ಅಂಗಳದಲ್ಲಿ ಒಂದು ಸುತ್ತು ಹಾಕಿಸಿ ‘ಸ್ಕ್ಯಾನರಿನಲ್ಲಿ ಏನೂ ತೋರಿಸುತ್ತಿಲ್ಲ ಮೇಡಂ’ ಎಂದರು. ಹುಬ್ಬಳ್ಳಿಯ ಮಳಿಗೆಯವರು ಫೋನಿನಲ್ಲಿ ಕೇಳಿಸಿಕೊಂಡಷ್ಟಕ್ಕೇ ‘ಕ್ಲಚ್ ಹೋಗಿದೆ, ಅದು ಸವೆಯುವ ಸಾಮಾನು, ಅದಕ್ಕೆ ವಾರಂಟಿ ಇಲ್ಲ, 32 ಸಾವಿರ ಆಗುತ್ತದೆ, ಗಾಡಿ ತಂದು ಬಿಡಿ, ಬಿಚ್ಚಿ ನೋಡುತ್ತೇವೆ’ ಎನ್ನುತ್ತಿದ್ದಾರೆ. ಬಿಚ್ಚುವುದಕ್ಕೆ ಒಪ್ಪಿಗೆಯ ಪತ್ರವೊಂದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಸಹಿ ಮಾಡಿ ತನ್ನಿ ಎಂದಿದ್ದಾರೆ.

ನನ್ನ ಪ್ರಶ್ನೆಗಳು ಇಷ್ಟೇ. ಗೇರ್‌ಬಾಕ್ಸಿಗೆ ವಾರಂಟಿ ಎಂದರೆ ಕ್ಲಚ್ ಅದರಲ್ಲಿ ಬರುವುದಿಲ್ಲವೇ? ‘ಎನ್’ ಮಿನುಗುವುದು ಕ್ಲಚ್ ಸವೆದದ್ದರಿಂದಲೇ? ಆ ಪತ್ರಕ್ಕೆ ಸಹಿ ಹಾಕಬಹುದೇ? ಕೊನೆಗೆ ಜಗಳವೇ ಆಗುವುದಾದರೆ ಹುಬ್ಬಳ್ಳಿಗೆ ಅಲೆಯಬೇಕೇ? ತಿಳಿದವರು ಹೇಳಿ. ಹಣಕ್ಕಿಂತ ಹೆಚ್ಚಾಗಿ, ಈ ಗಾಡಿಯಲ್ಲಿ ಬೇರೆಯವರನ್ನು ಕೂರಿಸಿಕೊಂಡು ಹೋಗಲು ಈಗ ಭಯವಾಗುತ್ತದೆ.

ಅಥಣಿ_ರಸ್ತೆ

ಮೇಡಂ, ನನ್ನ ಅನುಭವದ ಮಾತು ಹೇಳುತ್ತೇನೆ. ಹಳೆಯ ಕಾರಿನ ವಾರಂಟಿಯನ್ನು ನಂಬಿ ಕುಳಿತರೆ ಗಾಡಿ ತಿಂಗಳುಗಟ್ಟಲೆ ಅವರ ಅಂಗಳದಲ್ಲಿ ದೂಳು ಹಿಡಿಯುತ್ತದೆ. ಅವರು ತಪಾಸಣೆಯ ಸರ್ವೇಯರ್ ಬರಲಿ ಎನ್ನುತ್ತಾರೆ, ಆಮೇಲೆ ಸಾಮಾನು ಬರಲಿ ಎನ್ನುತ್ತಾರೆ. ನಿಮಗೆ ದಿನವೂ ಶಾಲೆಗೆ ಹೋಗಬೇಕು. 32 ಸಾವಿರ ದೊಡ್ಡ ಮೊತ್ತವೇ, ಇಲ್ಲವೆನ್ನುವುದಿಲ್ಲ. ಆದರೂ ಕ್ಲಚ್ ಹೊಸದು ಹಾಕಿಸಿಕೊಂಡು ಒಂದು ವರ್ಷ ನೆಮ್ಮದಿಯಿಂದ ಓಡಿಸಿ, ಆಮೇಲೆ ಮಾರಿಬಿಡಿ. ನಾನು ಹಾಗೆಯೇ ಮಾಡಿದೆ.

ಉದ್ಯಮಬಾಗ್_ಮಿಸ್ತ್ರಿ

ಅಕ್ಕಾವರೇ, 32 ಸಾವಿರ ಕೊಡಬೇಡಿ. ಆ ಪತ್ರಕ್ಕೆ ಸಹಿಯನ್ನೂ ಹಾಕಬೇಡಿ. ಅಥಣಿಯ ಅಣ್ಣ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಆದರೆ ರೋಗ ಯಾವುದೆಂದು ಗೊತ್ತಾಗದೆ ಔಷಧಕ್ಕೆ ಹಣ ಕಟ್ಟಿದರೆ ಹೊಸ ಕ್ಲಚ್ ಹಾಕಿದ ಮರುವಾರವೇ ಅದೇ ಲೋಕಾಪುರ ರಸ್ತೆಯಲ್ಲಿ ಅದೇ ‘ಎನ್’ ಮಿನುಗಬಹುದು. ಬೆಳಗಾವಿಯ ಉದ್ಯಮಬಾಗಿನಲ್ಲಿ ನನ್ನ ಗ್ಯಾರೇಜಿದೆ, ಗೇರ್‌ಬಾಕ್ಸ್ ಕೆಲಸವೇ ನನ್ನ ಹೊಟ್ಟೆಪಾಡು. ಕ್ಲಚ್ ಬದಲಿಸಿಯೂ ಕಾಯಿಲೆ ಹೋಗದ ಎಎಂಟಿ ಗಾಡಿಗಳನ್ನು ಜನ ವಂಟಮುರಿ ಘಾಟಿನ ಆಚೆಯಿಂದಲೂ ಎಳೆಸಿಕೊಂಡು ತರುತ್ತಾರೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ, ಆಗ ಯಾರೂ ನಿಮ್ಮನ್ನು ಮಾತಿನಲ್ಲಿ ಕಟ್ಟಿಹಾಕಲಾರರು. ಎಎಂಟಿ ಎಂದರೆ ಪೂರ್ತಿ ಬೇರೆ ಜಾತಿಯ ಗೇರ್‌ಬಾಕ್ಸ್ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಸಣ್ಣ ಕಾರುಗಳಿಗೆ ಬಂದ ಈ ಏರ್ಪಾಟಿನಲ್ಲಿ ಇರುವುದು ಕೈಯಿಂದ ಗೇರ್ ಹಾಕುವ ಕಾರಿನದೇ ಗೇರುಗಳು, ಅದೇ ಕ್ಲಚ್ ಪ್ಲೇಟ್, ಅದೇ ಪ್ರೆಷರ್ ಪ್ಲೇಟ್. ನಿಮ್ಮ ಎಡಗಾಲು ಮತ್ತು ಎಡಗೈ ಮಾಡಬೇಕಾದ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಅದು ಎಣ್ಣೆಯ ಒತ್ತಡದಿಂದ ನಡೆಯುತ್ತದೆ: ಒಂದು ಸಣ್ಣ ವಿದ್ಯುತ್ ಪಂಪು ಎಣ್ಣೆಯನ್ನು ಒತ್ತಡಕ್ಕೆ ಏರಿಸುತ್ತದೆ, ಆ ಒತ್ತಡವನ್ನು ಅಕ್ಯುಮುಲೇಟರ್ ಹಿಡಿದಿಟ್ಟುಕೊಳ್ಳುತ್ತದೆ, ಕಂಪ್ಯೂಟರಿನ ಅಪ್ಪಣೆಯಂತೆ ಸೊಲೆನಾಯ್ಡ್ ವಾಲ್ವುಗಳು ತೆರೆದು ಮುಚ್ಚಿ ಕ್ಲಚ್ ಬಿಡಿಸುತ್ತವೆ, ಗೇರ್ ಬದಲಿಸುತ್ತವೆ.

ಈಗ ನಿಮ್ಮ ಕಾರಿಗೆ ಬರೋಣ. ನೀವು ಬರೆದಿರುವುದು ಎರಡು ಬೇರೆ ಬೇರೆ ಲಕ್ಷಣಗಳು. ಮಳಿಗೆಯವರು ಎರಡನ್ನೂ ಒಂದೇ ಬಿಲ್ಲಿನಲ್ಲಿ ಕಟ್ಟುತ್ತಿದ್ದಾರೆ. ನಿಧಾನವಾಗಿ ಸಾಗುವಾಗ ಜಗ್ಗುವುದು, ನಡುಗುವುದು ಕ್ಲಚ್ ಪ್ಲೇಟಿನ ಲಕ್ಷಣವಾಗಿರಬಹುದು. ಟ್ರ್ಯಾಕ್ಟರಿನ ಹಿಂದೆ ತೆವಳುವಾಗ ಎಎಂಟಿ ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟು ನಡೆಸುತ್ತದೆ, ಪ್ಲೇಟು ಕಾಯುತ್ತದೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಆದರೆ ಓಡುತ್ತಿರುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಿದ್ದು ‘ಎನ್’ ಮಿನುಗುವುದು ಬೇರೆ ಸಂಗತಿ. ಕ್ಲಚ್ ಸವೆದು ಜಾರುತ್ತಿದ್ದರೆ ಫಲಕದಲ್ಲಿ ಗೇರಿನ ಅಂಕಿ ಹಾಗೆಯೇ ಇರುತ್ತದೆ, ಎಂಜಿನ್ ಏರುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅಂಕಿಯೇ ಹೋಗಿ ‘ಎನ್’ ಬಂದಿದೆ ಎಂದರೆ ಗೇರ್ ಕಳಚಿದೆ, ಅಥವಾ ಹಾಕಲು ಹೋಗಿ ಕೂತಿಲ್ಲ. ಅಲ್ಲಿ ನೋಡಬೇಕಾದದ್ದು ಆಕ್ಚುಯೇಟರ್, ಅದರ ಪಂಪು, ಎಣ್ಣೆಯ ಮಟ್ಟ, ಸೆನ್ಸರ್, ವೈರಿಂಗ್. ಬಿಸಿಯಾದಾಗ ಬಂದು, ತಣ್ಣಗಾದಾಗ ಹೋಗುವ ರೋಗ ಹೆಚ್ಚಾಗಿ ಅಲ್ಲಿಯೇ ಸಿಗುತ್ತದೆ. ಕ್ಲಚ್ ಅತಿಯಾಗಿ ಕಾದರೂ ಕಂಪ್ಯೂಟರ್ ಎಚ್ಚರಿಕೆ ಕೊಡುವುದುಂಟು. ಆದ್ದರಿಂದ ನೋಡದೆ ನಾನು ಪಕ್ಕಾ ಎನ್ನಲಾರೆ. ಅವರೂ ಫೋನಿನಲ್ಲಿ ಪಕ್ಕಾ ಎನ್ನಬಾರದಿತ್ತು.

‘ಸ್ಕ್ಯಾನರಿನಲ್ಲಿ ಏನೂ ಇಲ್ಲ’ ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ಗಾಡಿ ತಣ್ಣಗಿದ್ದಾಗ ಅಂಗಳದಲ್ಲಿ ಸುತ್ತಿಸಿದರೆ ಏನು ಸಿಗುತ್ತದೆ? ಈಗ ಇರುವ ದೋಷವನ್ನಷ್ಟೇ ನೋಡಿದರೇ, ಹಿಂದೆ ದಾಖಲಾದ ದೋಷದ ಕೋಡನ್ನೂ ನೋಡಿದರೇ ಎಂದು ಕೇಳಿ. ಗೇರ್ ವ್ಯವಸ್ಥೆಯ ಕೋಡುಗಳು ಸಾಮಾನ್ಯವಾಗಿ ಪಿ 0700ರಿಂದ ಶುರುವಾಗುವ ಸಾಲಿನಲ್ಲಿರುತ್ತವೆ. ದೋಷ ದಾಖಲಾದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಕಾದಿತ್ತು ಎಂಬ ವಿವರವೂ ಅನೇಕ ಕೋಡುಗಳ ಜೊತೆ ಉಳಿದಿರುತ್ತದೆ. ಅವುಗಳನ್ನು ಅಳಿಸಲು ಬಿಡಬೇಡಿ. ಊರಿನ ಯಾವ ಗ್ಯಾರೇಜಿನಲ್ಲೂ ಬ್ಯಾಟರಿ ಬಿಚ್ಚಿಸಬೇಡಿ, ಸಣ್ಣ ಯಂತ್ರ ಚುಚ್ಚಿ ‘ಕ್ಲಿಯರ್’ ಮಾಡಿಸಬೇಡಿ. ಅಳಿಸಿದರೆ ನಿಮ್ಮ ಸಾಕ್ಷಿಯೇ ಅಳಿಸಿಹೋದಂತೆ.

ಮತ್ತೆ ಸೆಂಟರಿಗೆ ಹೋಗಿ. ಮಧ್ಯಾಹ್ನ ಹೋಗಿ, ಗಾಡಿ ಕಾದಿರಲಿ. ಸ್ಕ್ಯಾನರ್ ಜೋಡಿಸಿಕೊಂಡು ಮೆಕ್ಯಾನಿಕ್ ನಿಮ್ಮ ಪಕ್ಕದಲ್ಲಿ ಕೂರಲಿ, ನೀವು ಓಡಿಸಿ. ಎಣ್ಣೆಯ ಒತ್ತಡ, ಕ್ಲಚ್ಚಿನ ಸ್ಥಾನ, ಬ್ಯಾಟರಿಯ ವೋಲ್ಟೇಜ್ ಎಲ್ಲವೂ ಓಡುತ್ತಿರುವಾಗಲೇ ಪರದೆಯಲ್ಲಿ ಕಾಣುತ್ತವೆ. ಕ್ಲಚ್ ಎಷ್ಟು ಸವೆದಿದೆ ಎಂಬ ಅಂದಾಜನ್ನು ಗೇರ್‌ಬಾಕ್ಸ್ ಇಳಿಸದೆ ಸ್ಕ್ಯಾನರಿನಲ್ಲೇ ತೋರಿಸುವ ಮಾದರಿಗಳೂ ಇವೆ. ಜಾಬ್ ಕಾರ್ಡಿನಲ್ಲಿ ಅವರು ‘ಜನರಲ್ ಚೆಕಪ್’ ಎಂದು ಬರೆಯಲು ಹೋಗುತ್ತಾರೆ, ಒಪ್ಪಬೇಡಿ. ‘ಕಾದ ಮೇಲೆ ಓಡುತ್ತಿರುವಾಗ ಗೇರ್ ಕಳಚಿ ಎನ್ ಮಿನುಗುತ್ತದೆ, ವಾಹನ ಚಲಿಸುವುದಿಲ್ಲ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಕೋಡುಗಳ ಪ್ರಿಂಟ್ ಇಸಿದುಕೊಳ್ಳಿ.

ಇನ್ನೊಂದು ಪರೀಕ್ಷೆ ನೀವೇ ಮನೆಯ ಮುಂದೆ ಮಾಡಬಹುದು. ಅನೇಕ ಎಎಂಟಿ ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದ ಕೂಡಲೇ ‘ಗುಂಯ್’ ಎಂದು ಪಂಪು ತುಸು ಹೊತ್ತು ಓಡಿ ನಿಲ್ಲುತ್ತದೆ. ಎಂಜಿನ್ ಚಾಲೂ ಮಾಡಿ, ಗಾಡಿಯನ್ನು ನಿಲ್ಲಿಸಿಕೊಂಡೇ, ಗೇರ್ ಮುಟ್ಟದೆ ಕಿವಿಗೊಟ್ಟು ಕೇಳಿ. ಸುಮ್ಮನೆ ನಿಂತಿದ್ದಾಗಲೂ ಆ ಸದ್ದು ಮತ್ತೆ ಮತ್ತೆ ಬರುತ್ತಿದ್ದರೆ ಒತ್ತಡ ನಿಲ್ಲುತ್ತಿಲ್ಲ ಎಂದು ತಿಳಿಯಬೇಕು.

ವಾರಂಟಿ ಪುಸ್ತಿಕೆಯಲ್ಲಿ ‘ಟ್ರಾನ್ಸ್‌ಮಿಷನ್’ ಎಂಬ ತಲೆಬರಹದ ಕೆಳಗೆ ಏನೇನು ಬರೆದಿದೆ, ಅದನ್ನು ಇಲ್ಲಿ ಹಾಕಿ. ಸರಿಯಾಗುವವರೆಗೆ ಆ ಕಾರಿನಲ್ಲಿ ಓವರ್‌ಟೇಕ್ ಮಾಡಬೇಡಿ, ಮಕ್ಕಳನ್ನಂತೂ ಕೂರಿಸಬೇಡಿ.

ಗುಮ್ಮಟದ_ಊರಿನವ

ವಿಜಯಪುರದಿಂದ ಬರೆಯುತ್ತಿದ್ದೇನೆ. ಮಿಸ್ತ್ರಿಯವರ ಮಾತಿಗೆ ಎರಡು ಸೇರಿಸುತ್ತೇನೆ, ಎರಡೂ ಕಡಿಮೆ ಖರ್ಚಿನವು. ಬ್ಯಾಟರಿ ಹಳೆಯದಾಗಿದ್ದರೆ ಎಎಂಟಿ ಮೊದಲು ಮುನಿಸಿಕೊಳ್ಳುತ್ತದೆ, ಏಕೆಂದರೆ ಪಂಪು ಮತ್ತು ಕಂಪ್ಯೂಟರ್ ಎರಡೂ ಅದನ್ನೇ ನಂಬಿವೆ. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ, ಚೀಟಿ ಇಟ್ಟುಕೊಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಬ್ಯಾಟರಿಗಳು ಬೇಗ ಸೋಲುತ್ತವೆ. ಎರಡನೆಯದು ಬ್ರೇಕ್ ಪೆಡಲಿನ ಸ್ವಿಚ್. ಬ್ರೇಕ್ ಒತ್ತಿದ್ದೀರಿ ಎಂಬ ಸುದ್ದಿ ಕಂಪ್ಯೂಟರಿಗೆ ಹೋಗದಿದ್ದರೆ ನಿಂತಲ್ಲಿಂದ ಗೇರ್ ಬೀಳುವುದಿಲ್ಲ. ಹಿಂದಿನ ಬ್ರೇಕ್ ದೀಪಗಳು ಪ್ರತಿ ಸಲವೂ ಹೊತ್ತುತ್ತವೆಯೇ ಎಂದು ಯಾರನ್ನಾದರೂ ಹಿಂದೆ ನಿಲ್ಲಿಸಿ ನೋಡಿಸಿ. ನಿಮ್ಮದು ಓಡುವಾಗ ಕಳಚುವುದರಿಂದ ಸ್ವಿಚ್ ಕಾರಣವಾಗಿರಲಿಕ್ಕಿಲ್ಲ, ಆದರೂ ನೋಡಿಬಿಟ್ಟರೆ ಒಂದು ಸಂಶಯ ಕಳೆಯುತ್ತದೆ.

ನಮ್ಮ ಮನೆಯಲ್ಲಿರುವುದು ಸಿವಿಟಿ ಎಂಬ ಇನ್ನೊಂದು ಬಗೆಯ ಆಟೊಮ್ಯಾಟಿಕ್. ಅದರೊಳಗೆ ಗೇರುಗಳ ಬದಲು ಉಕ್ಕಿನ ಪಟ್ಟಿ ಮತ್ತು ಎರಡು ಪುಲಿಗಳು, ಅದರದೇ ಬೇರೆ ಎಣ್ಣೆ. ಅದರ ತೊಂದರೆಗಳೂ ಬೇರೆ. ‘ಆಟೊಮ್ಯಾಟಿಕ್’ ಎಂದರೆ ಎಲ್ಲವೂ ಒಂದೇ ಎಂದುಕೊಂಡು ಯಾರಾದರೂ ಗೇರ್‌ಬಾಕ್ಸ್ ಎಣ್ಣೆ ಬದಲಿಸಲು ಬಂದರೆ ಬೇಡ ಎನ್ನಿ.

ಕನ್ನಡ_ಶಾಲೆ_ಮುಧೋಳ

ಮಿಸ್ತ್ರಿ ಅಣ್ಣಾವರೇ, ಇಷ್ಟು ವಿವರವಾಗಿ ಯಾರೂ ನನಗೆ ಹೇಳಿರಲಿಲ್ಲ. ನಿಮಗೆ ಋಣಿ. ವಿಜಯಪುರದ ಅಣ್ಣನಿಗೂ. ಬ್ಯಾಟರಿ ಸರಿಯಾಗಿದೆ ಎಂದು ಚೀಟಿ ಬಂತು, ಬ್ರೇಕ್ ದೀಪಗಳೂ ಪ್ರತಿ ಸಲ ಹೊತ್ತುತ್ತಿವೆ.

ಪಂಪಿನ ಸದ್ದನ್ನು ಕೇಳಿದೆ. ಬೆಳಿಗ್ಗೆ ಬಾಗಿಲು ತೆರೆದಾಗ ಒಮ್ಮೆ ಬಂದು ನಿಲ್ಲುತ್ತದೆ. ಸಂಜೆ ಶಾಲೆಯಿಂದ ಬಂದು ಮನೆಯ ಮುಂದೆ ಎಂಜಿನ್ ಚಾಲೂ ಇಟ್ಟುಕೊಂಡು ಕೂತಾಗ, ನಾನು ಗೇರ್ ಮುಟ್ಟದಿದ್ದರೂ, ಸ್ವಲ್ಪ ಹೊತ್ತಿಗೊಮ್ಮೆ ‘ಗುಂಯ್’ ಎನ್ನುತ್ತಲೇ ಇತ್ತು. ನನ್ನ ಮಗ ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾನೆ. ಎನ್ ಮಿನುಗುವುದನ್ನೂ ಅವನೇ ಪಕ್ಕದಲ್ಲಿ ಕುಳಿತು ಸೆರೆಹಿಡಿದಿದ್ದಾನೆ. ಆ ಹೊತ್ತಿನಲ್ಲಿ ಸುಟ್ಟ ವಾಸನೆ ಇರಲಿಲ್ಲ.

ಪುಸ್ತಿಕೆಯನ್ನು ಅವನ ಜೊತೆ ಕುಳಿತು ಸಾಲು ಸಾಲಾಗಿ ಓದಿದೆ. ವಾರಂಟಿ ಕೊಟ್ಟಿರುವುದು ಮಳಿಗೆಯಲ್ಲ, ಬೇರೊಂದು ವಾರಂಟಿ ಕಂಪನಿ. ಟ್ರಾನ್ಸ್‌ಮಿಷನ್ ಎಂಬಲ್ಲಿ ಗೇರುಗಳು, ಶಾಫ್ಟುಗಳು, ಬೇರಿಂಗುಗಳು, ಸಿಂಕ್ರೊನೈಸರ್, ಗೇರ್ ಆಕ್ಚುಯೇಟರ್ ಎಂದಿದೆ. ಹೌದು, ಆಕ್ಚುಯೇಟರ್ ಎಂಬ ಪದ ಇದೆ. ಹೊರಗಿಟ್ಟವುಗಳ ಪಟ್ಟಿಯಲ್ಲಿ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರು, ಎಣ್ಣೆಗಳು. ಒಟ್ಟು ಮಿತಿ ಒಂದು ಲಕ್ಷ ರೂಪಾಯಿ. ಇನ್ನೊಂದು ಷರತ್ತು ನೋಡಿ ಎದೆ ಝಲ್ಲೆಂದಿತು: ಕಂಪನಿಯ ಒಪ್ಪಿಗೆ ಪಡೆಯದೆ ಯಾವುದೇ ಭಾಗವನ್ನು ಬಿಚ್ಚಿದರೆ ಕ್ಲೇಮು ರದ್ದು. ಮಳಿಗೆಯವರು ‘ಬಿಚ್ಚಿ ನೋಡುತ್ತೇವೆ, ಸಹಿ ಮಾಡಿ’ ಎಂದದ್ದು ಇದಕ್ಕೇ ಇರಬಹುದೇ? ಅವರಿಗೆ ಈ ಷರತ್ತು ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ.

ನವನಗರ_ವಕೀಲ

ಮೇಡಂ, ಬಾಗಲಕೋಟೆಯಲ್ಲಿ ವಕೀಲಿ ಮಾಡುತ್ತೇನೆ, ಗ್ರಾಹಕರ ಆಯೋಗದ ಪ್ರಕರಣಗಳನ್ನೂ ನಡೆಸುತ್ತೇನೆ. ಅವರ ಉದ್ದೇಶ ಏನಿತ್ತು ಎಂಬುದನ್ನು ಬದಿಗಿಡೋಣ, ಅದನ್ನು ಸಾಬೀತು ಮಾಡುವ ಅಗತ್ಯ ನಿಮಗಿಲ್ಲ. ನಿಮ್ಮ ಕೈಯಲ್ಲಿರುವ ಪುಸ್ತಿಕೆಯಲ್ಲಿ ಆಕ್ಚುಯೇಟರ್ ಎಂದು ಅಚ್ಚಾಗಿದೆ. ಅದಷ್ಟೇ ಸಾಕಷ್ಟು ಬಲ ಕೊಡುತ್ತದೆ. ಕ್ಲಚ್ ಪ್ಲೇಟ್ ಹೊರಗಿದೆ ಎಂಬುದನ್ನು ಒಪ್ಪಿಕೊಳ್ಳಿ, ಅದಕ್ಕಾಗಿ ಜಗಳವಾಡಬೇಡಿ. ಬರವಣಿಗೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಇಡಿ.

ಇಂದೇ ಮಾಡಬೇಕಾದ ಕೆಲಸ ಒಂದಿದೆ. ವಾರಂಟಿ ಕಂಪನಿಗೆ ಇಮೇಲ್ ಕಳುಹಿಸಿ, ಅದರ ಪ್ರತಿಯನ್ನು ಮಳಿಗೆಗೂ ಕಳುಹಿಸಿ, ಜೊತೆಗೆ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿ. ದೋಷ ಯಾವಾಗಿನಿಂದ, ಹೇಗೆ ಎಂದು ನಾಲ್ಕು ಸಾಲು. ‘ನಿಮ್ಮ ಒಪ್ಪಿಗೆ ಇಲ್ಲದೆ ನಾನು ಯಾರಿಗೂ ಬಿಚ್ಚಲು ಬಿಟ್ಟಿಲ್ಲ, ತಪಾಸಣೆಗೆ ಯಾರನ್ನು ಎಲ್ಲಿಗೆ ಕಳುಹಿಸುತ್ತೀರಿ ತಿಳಿಸಿ’ ಎಂಬ ವಾಕ್ಯ ಇರಲೇಬೇಕು. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಮಳಿಗೆಯವರ ವಾಟ್ಸ್‌ಆ್ಯಪ್ ಸಂದೇಶವನ್ನೂ ಆ ಒಪ್ಪಿಗೆ ಪತ್ರವನ್ನೂ ಅಳಿಸಬೇಡಿ. ಮಗ ತೆಗೆದ ವಿಡಿಯೊಗಳ ಮೂಲ ಕಡತ ಅವನ ಮೊಬೈಲಿನಲ್ಲೇ ಇರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ.

ಹುಬ್ಬಳ್ಳಿಗೆ ಅಲೆಯಬೇಕೇ ಎಂದು ಕೇಳಿದ್ದೀರಿ. ಬೇಡ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಡುತ್ತದೆ. ಹಳೆಯ ಕಾಯ್ದೆಯಲ್ಲಿ ಇದು ಇರಲಿಲ್ಲ. ಎದುರುದಾರ ಹುಬ್ಬಳ್ಳಿಯಲ್ಲಿರಲಿ, ದೆಹಲಿಯಲ್ಲಿರಲಿ, ನಿಮ್ಮ ದೂರು ಬಾಗಲಕೋಟೆಯ ಜಿಲ್ಲಾ ಆಯೋಗದಲ್ಲಿ ನಿಲ್ಲುತ್ತದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ. ಶುಲ್ಕ 5 ಲಕ್ಷದವರೆಗೆ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ದೋಷ ಕಂಡಾಗಿನಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಮಳಿಗೆ ಮತ್ತು ವಾರಂಟಿ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ನೋಟಿಸು ತಲುಪಿದ ಮೇಲೆ ಅವರಿಗೆ ಉತ್ತರ ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ವಕೀಲರಿಲ್ಲದೆ ನೀವೇ ವಾದಿಸಬಹುದು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಹಾಕುವ ವ್ಯವಸ್ಥೆಯೂ ಇದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅನೇಕ ವ್ಯಾಪಾರಿಗಳು ಅಲ್ಲಿಂದ ವಿಚಾರಣೆ ಬಂದಾಗಲೇ ಮಾತಿಗೆ ಕೂರುತ್ತಾರೆ.

ಕಷ್ಟದ ಮಾತನ್ನೂ ಹೇಳಿಬಿಡುತ್ತೇನೆ. ಹಳೆಯ ಕಾರಿನ ಪ್ರಕರಣಗಳು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಗಾಡಿ ಕೆಟ್ಟಿದೆ ಎನ್ನುತ್ತಾರೆ, ಯಾವ ಭಾಗ ಯಾಕೆ ಕೆಟ್ಟಿದೆ ಎಂದು ಹೇಳಬಲ್ಲ ತಜ್ಞರ ಬರಹ ಇರುವುದಿಲ್ಲ. ಕಾಯ್ದೆಯ 38ನೇ ಕಲಮಿನಡಿ ಆಯೋಗವೇ ವಸ್ತುವನ್ನು ಪರೀಕ್ಷೆಗೆ ಕಳುಹಿಸಬಹುದು, ಆದರೆ ಅದಕ್ಕೆ ಕಾಲ ಹಿಡಿಯುತ್ತದೆ. ಮಿಸ್ತ್ರಿಯವರು ಹೇಳಿದ ಜಾಬ್ ಕಾರ್ಡ್ ಮತ್ತು ಕೋಡುಗಳ ಪ್ರಿಂಟ್ ಕೈಗೆ ಬಂದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಪುಸ್ತಿಕೆಯಲ್ಲಿ ದೋಷವನ್ನು ಇಷ್ಟು ದಿನದೊಳಗೆ ತಿಳಿಸಬೇಕು ಎಂಬ ಷರತ್ತು ಇದೆಯೇ, ತಕ್ಷಣ ನೋಡಿ.

ಅಥಣಿ_ರಸ್ತೆ

ಬಿಚ್ಚಿದರೆ ಕ್ಲೇಮು ರದ್ದು ಎಂಬ ಷರತ್ತು ನನಗೆ ಹೊಸದು. ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ ಮೇಡಂ, ಸಹಿ ಹಾಕಬೇಡಿ.

ಕನ್ನಡ_ಶಾಲೆ_ಮುಧೋಳ

ಸಹಾಯ ಮಾಡಿದ ಎಲ್ಲರಿಗೂ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ದೋಷವನ್ನು ಏಳು ದಿನದೊಳಗೆ ತಿಳಿಸಬೇಕೆಂಬ ಷರತ್ತು ಇತ್ತು, ವಕೀಲರೇ. ಎನ್ ಮಿನುಗಿದ ಮರುದಿನವೇ ನಾನು ಮಳಿಗೆಗೆ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿದ್ದೆ, ಅದಕ್ಕೆ ಅವರು ಉತ್ತರಿಸಿದ್ದೂ ಇದೆ. ಅದನ್ನೇ ಇಮೇಲಿಗೆ ಲಗತ್ತಿಸಿದೆ. ಕಾಗದ ತಲುಪಿದ ಮೇಲೆ ವಾರಂಟಿ ಕಂಪನಿಯವರೇ ಕರೆ ಮಾಡಿ ಬಾಗಲಕೋಟೆಯ ಅಧಿಕೃತ ಸೆಂಟರಿಗೆ ಹೋಗಲು ಹೇಳಿದರು. ಜಾಬ್ ಕಾರ್ಡ್ ಬರೆಯುವ ಹುಡುಗ ‘ಗೇರ್ ಪ್ರಾಬ್ಲಂ’ ಎಂದಷ್ಟೇ ಬರೆದಾಗ ತಡೆದು, ನನ್ನ ವಾಕ್ಯವನ್ನು ಪೂರ್ತಿ ಬರೆಸಿದೆ. ಶಾಲೆಯಲ್ಲಿ ಉಕ್ತಲೇಖನ ಹೇಳಿಕೊಟ್ಟ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂತು.

ಮಧ್ಯಾಹ್ನ ಹಿರಿಯ ಮೆಕ್ಯಾನಿಕ್ ಒಬ್ಬರು ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕುಳಿತರು. ಗದ್ದನಕೇರಿ ಕ್ರಾಸಿನವರೆಗೆ ಹೋಗಿ ಬರುವಷ್ಟರಲ್ಲಿ ಒಮ್ಮೆ ಗೇರ್ ಕಳಚಿತು. ಪರದೆಯಲ್ಲಿ ಎಣ್ಣೆಯ ಒತ್ತಡ ಕುಸಿಯುವುದನ್ನು ಅವರೇ ನನಗೆ ತೋರಿಸಿದರು. ಹಿಂದೆ ದಾಖಲಾದ ಕೋಡುಗಳೂ ಇದ್ದವು. ಮೊದಲ ಸೆಂಟರಿನಲ್ಲಿ ಅವನ್ನು ನೋಡಿಯೇ ಇರಲಿಲ್ಲ. ಕ್ಲಚ್ ಸವೆದಿದೆ, ಆದರೆ ಇನ್ನೂ ಮಿತಿಯೊಳಗಿದೆ ಎಂದು ಬರೆದುಕೊಟ್ಟರು. ಸರ್ವೇಯರ್ ಬಂದು ಫೋಟೊ ತೆಗೆದುಕೊಂಡು ಹೋದರು. ಆಕ್ಚುಯೇಟರ್ ಬದಲಿಸಲು ನಿನ್ನೆ ಒಪ್ಪಿಗೆ ಬಂದಿದೆ. ಎಣ್ಣೆಯ ಹಣ ಮಾತ್ರ ನನ್ನದು.

ಈಗ ಕೊನೆಯದಾಗಿ ಒಂದು ಪ್ರಶ್ನೆ. ಒಪ್ಪಿಗೆ ಪತ್ರದಲ್ಲಿ ಹೊಸದಲ್ಲ, ರೀಕಂಡಿಷನ್ ಮಾಡಿದ ಆಕ್ಚುಯೇಟರ್ ಹಾಕುತ್ತೇವೆ ಎಂದಿದೆ. ಒಪ್ಪಬಹುದೇ? ನಡುಕಕ್ಕೆ ಈಗಲೇ ಕ್ಲಚ್ಚನ್ನೂ ಬದಲಿಸಿಬಿಡಲೇ?

ನವನಗರ_ವಕೀಲ

ಪುಸ್ತಿಕೆಯಲ್ಲಿ ‘ಹೊಸ ಅಥವಾ ರೀಕಂಡಿಷನ್ ಮಾಡಿದ ಭಾಗ’ ಎಂಬ ಮಾತು ಇದೆಯೇ ನೋಡಿ. ಇದ್ದರೆ ನಿರಾಕರಿಸುವುದು ಕಷ್ಟ. ಇಲ್ಲದಿದ್ದರೆ ಹೊಸದನ್ನೇ ಕೇಳಿ, ಲಿಖಿತವಾಗಿ ಕೇಳಿ. ‘ಪೂರ್ಣ ತೃಪ್ತಿಯಿಂದ ಸ್ವೀಕರಿಸಿದ್ದೇನೆ’ ಎಂಬ ಚೀಟಿಗೆ ಓಡಿಸಿ ನೋಡುವ ಮೊದಲು ಸಹಿ ಬೇಡ.

ಉದ್ಯಮಬಾಗ್_ಮಿಸ್ತ್ರಿ

ಅಕ್ಕಾವರೇ, ನನಗೆ ಬಹಳ ಸಂತೋಷವಾಯಿತು. ರೀಕಂಡಿಷನ್ ಎಂದರೆ ಕೆಟ್ಟದ್ದು ಎಂದೇನೂ ಅಲ್ಲ. ಯಾರು ಮಾಡಿದ್ದು ಎಂಬುದು ಮುಖ್ಯ. ಭಾಗ ತಯಾರಿಸಿದ ಕಂಪನಿಯ ಕಡೆಯಿಂದಲೇ ಬಂದಿದ್ದರೆ ಹಾಕಿಸಿಕೊಳ್ಳಿ, ಪೇಟೆಯಲ್ಲಿ ಸೀಲು ಬದಲಿಸಿದ್ದಾದರೆ ಬೇಡ. ಸೀರಿಯಲ್ ನಂಬರನ್ನೂ ಆ ಭಾಗಕ್ಕೆ ಎಷ್ಟು ತಿಂಗಳ ಗ್ಯಾರಂಟಿ ಎಂಬುದನ್ನೂ ಬಿಲ್ಲಿನಲ್ಲಿ ಬರೆಸಿ. ಹಳೆಯದರ ಫೋಟೊ ತೆಗೆದುಕೊಳ್ಳಿ.

ಹೊಸ ಆಕ್ಚುಯೇಟರ್ ಕೂರಿಸಿದ ಮೇಲೆ ಕಂಪ್ಯೂಟರಿಗೆ ಕ್ಲಚ್ಚಿನ ಮತ್ತು ಗೇರುಗಳ ಸ್ಥಾನವನ್ನು ಮತ್ತೆ ಕಲಿಸಬೇಕು. ಸ್ಕ್ಯಾನರಿನಲ್ಲಿ ಮಾಡುವ ಕೆಲಸ. ಇದನ್ನು ಮಾಡದೆ ಗಾಡಿ ಕೈಗೆ ಕೊಟ್ಟರೆ ಹೊಸ ಭಾಗವೂ ಜಗ್ಗುತ್ತದೆ. ಮಾಡಿದ್ದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆ ಕಲಿಕೆಯ ನಂತರ ಎಷ್ಟೋ ಗಾಡಿಗಳಲ್ಲಿ ನಡುಕ ತಾನೇ ಕಡಿಮೆಯಾಗುತ್ತದೆ, ಹಾಗಾಗಿ ಕ್ಲಚ್ಚಿಗೆ ಈಗ ಹಣ ಹಾಕಬೇಡಿ. ಮುಂದೆ ಎಂದಾದರೂ ಬದಲಿಸಿದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದಕ್ಕಾದರೂ ಅಷ್ಟೇ, ಮೂರಕ್ಕಾದರೂ ಅಷ್ಟೇ.

ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದಾಗ ಅದರ ಬೆನ್ನಿಗೆ ಅಂಟಿ ತೆವಳಬೇಡಿ. ಪೂರ್ತಿ ನಿಂತು, ಮುಂದೆ ನಾಲ್ಕಾರು ಗಾಡಿಯಷ್ಟು ಜಾಗ ಬಿಡಿ, ಆಮೇಲೆ ಒಂದೇ ಸಲಕ್ಕೆ ಸಾಗಿ ಮತ್ತೆ ನಿಲ್ಲಿ. ಏರಿನಲ್ಲಿ ಆಕ್ಸಲರೇಟರ್ ಒತ್ತಿ ಗಾಡಿಯನ್ನು ಹಿಡಿದಿಡಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಗಾಡಿ ಕೈಗೆ ಬಂದ ದಿನ ಸಂಜೆ, ಕಾದ ಮೇಲೆ, ಮನೆಯ ಮುಂದೆ ಎಂಜಿನ್ ಚಾಲೂ ಇಟ್ಟುಕೊಂಡು ಪಂಪಿನ ಸದ್ದನ್ನು ಇನ್ನೊಮ್ಮೆ ಕೇಳಿ. ಗೇರ್ ಮುಟ್ಟದಿದ್ದರೂ ಮತ್ತೆ ಮತ್ತೆ ಗುಂಯ್‌ಗುಟ್ಟಿದರೆ ಮರುದಿನವೇ ಗಾಡಿಯನ್ನು ಅಲ್ಲಿಗೇ ಒಯ್ದು ನಿಲ್ಲಿಸಿ, ಹೊಸ ಜಾಬ್ ಕಾರ್ಡ್ ಬರೆಸಿ.